ಅಣ್ಣನ ಸಕ್ಕರೆ ಎಂಬತ್ತೆಂಟು

ಅಣ್ಣ ತೀರಿಕೊಂಡು ಹತ್ತು ತಿಂಗಳಾದ ಮೇಲೂ, ದಿನಾ ಬೆಳಿಗ್ಗೆ ಎಂಟು ಗಂಟೆಗೆ, ಅವನ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ತಂಗಿ ನೋಡುತ್ತಿದ್ದಳು.

ಇದು ಹುಚ್ಚಲ್ಲ, ಅವಳ ಕೆಲಸ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೋಗಿಗಳ ರಕ್ತ ಅಳೆಯುವ ಯಂತ್ರವೊಂದಿದೆ. ಆ ಯಂತ್ರವನ್ನು ನಂಬುವುದು ಹೇಗೆ? ಗೊತ್ತಿಲ್ಲದ್ದನ್ನು ಅಳೆಯುವ ಮೊದಲು ಗೊತ್ತಿರುವುದೊಂದನ್ನು ಅಳೆದು ನೋಡಬೇಕು. ತಕ್ಕಡಿ ನಿಜ ಹೇಳುತ್ತದೋ ಇಲ್ಲವೋ ತಿಳಿಯುವುದು ಆಗಲೇ. ಹಾಗೆ ಅಳೆಯಲು ಇಟ್ಟುಕೊಂಡ ರಕ್ತಕ್ಕೆ ಅಲ್ಲಿ ಕಂಟ್ರೋಲ್ ಎನ್ನುತ್ತಾರೆ. ಕಂಪನಿಯವರು ಅದನ್ನು ಮಾರುತ್ತಾರೆ. ಹೋದ ವರ್ಷ ಅದು ಬರುವುದು ನಿಂತುಹೋಯಿತು. ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರಮ್ಮ, "ನಾವೇ ಮಾಡ್ಕೊಳ್ಳೋಣ, ಗಟ್ಟಿಮುಟ್ಟಾಗಿರೋರು ಒಬ್ರು ರಕ್ತ ಕೊಡಿ" ಎಂದರು. ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಅಣ್ಣ ಅಂಗಿಯ ತೋಳು ಮಡಚಿ ಕುಳಿತುಬಿಟ್ಟ. "ನನ್ನದೇ ತಗೊಳ್ಳಿ. ಕೂತ್ಕೊಂಡು ತಿಂದದ್ದಕ್ಕೆ ಏನಾದ್ರೂ ಉಪಯೋಗವಾಗ್ಲಿ."

ಒಂದು ಚೀಲ ರಕ್ತ. ಅದರ ಕೆಂಪು ಕಣಗಳನ್ನು ತೆಗೆದು ಉಳಿದ ಹಳದಿ ತಿಳಿಯನ್ನು ನಾನೂರು ಪುಟ್ಟ ಶೀಶೆಗಳಲ್ಲಿ ತುಂಬಿದರು. ಒಂದೊಂದರ ಮೇಲೂ ಅವನೇ ತನ್ನ ಬಲಕ್ಕೆ ವಾಲುವ ಅಕ್ಷರದಲ್ಲಿ 'ಅಣ್ಣ' ಎಂದು ಬರೆದು, ಕೆಳಗೆ ಅಂಕಿ ಹಾಕಿ, ಹಿಂದಿನ ಕೋಣೆಯ ಮಂಜಿನ ಪೆಟ್ಟಿಗೆಯಲ್ಲಿ ಇಟ್ಟ. ದಿನಕ್ಕೊಂದು ಶೀಶೆ ಹೊರಗೆ ಬರಬೇಕು, ಕರಗಬೇಕು, ಯಂತ್ರಕ್ಕೆ ಹೋಗಬೇಕು, ಮಿಕ್ಕದ್ದನ್ನು ಚೆಲ್ಲಬೇಕು. ನಿಯಮ ಅದು. ಮೊದಲ ಇಪ್ಪತ್ತು ದಿನ ಅಳೆದು ಅವನ ಅಂಕಿಗಳನ್ನು ಗೊತ್ತುಮಾಡಿ ಗೋಡೆಗೆ ಹಚ್ಚಿದರು: ಸಕ್ಕರೆ ಎಂಬತ್ತೆಂಟು, ಕೊಲೆಸ್ಟರಾಲ್ ನೂರ ಎಪ್ಪತ್ತೊಂದು, ಒಟ್ಟು ಪ್ರೋಟೀನು ಏಳು ಪಾಯಿಂಟ್ ಎರಡು, ಲಿವರಿನ ಕಿಣ್ವ ಇಪ್ಪತ್ತನಾಲ್ಕು.

ಮೂರು ತಿಂಗಳ ನಂತರ ಒಂದು ಸಂಜೆ, ಸೈಕಲ್ ತುಳಿದು ಮನೆಗೆ ಬರುತ್ತಿದ್ದ ಅಣ್ಣನನ್ನು ಲಾರಿಯೊಂದು ರಸ್ತೆಯಂಚಿನಲ್ಲಿ ಮುಗಿಸಿಹಾಕಿತು. ಆ ಹೊತ್ತಿಗೆ ಪೆಟ್ಟಿಗೆಯಲ್ಲಿ ಅವನ ಶೀಶೆಗಳು ಮುನ್ನೂರಕ್ಕೂ ಮೇಲಿದ್ದವು.

ಡಾಕ್ಟರಮ್ಮನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದುದರಿಂದ, ಅದೇ ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿದ ಅವನ ತಂಗಿ ಅಲ್ಲಿನವರೆಲ್ಲರಿಗೂ ತಂಗಿಯಾಗಿದ್ದಳು. ಅಣ್ಣ ಹೋದ ಮೇಲೆ ಬೆಳಗಿನ ಕಂಟ್ರೋಲ್ ಅವಳ ಪಾಲಿಗೆ ಬಂತು. ಬೇರೆ ಯಾರಾದರೂ ಮಾಡಲಿ ಎಂದು ಡಾಕ್ಟರಮ್ಮ ಅಂದದ್ದುಂಟು. "ಪರವಾಗಿಲ್ಲ ಮೇಡಂ, ನಾನೇ ಮಾಡ್ತೀನಿ" ಎಂದಳು. ಆ 'ಪರವಾಗಿಲ್ಲ' ಎಂಬ ಮಾತಿನ ಕೆಳಗೆ ಎಷ್ಟು ಆಳದ ಬಾವಿಯಿದೆಯೆಂದು ಅವಳಿಗೂ ಆಗ ಗೊತ್ತಿರಲಿಲ್ಲ.

ಶೀಶೆಯನ್ನು ಹೊರತೆಗೆದರೆ ಬೆರಳಿಗೆ ಅಂಟುವಷ್ಟು ತಣ್ಣಗಿರುತ್ತಿತ್ತು. ಅಣ್ಣ ಕಲಿಸಿದಂತೆ ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ಹೊರಳಿಸುವಳು. ಕುಲುಕಬಾರದು, ಕುಲುಕಿದರೆ ನೊರೆಯೇಳುತ್ತದೆ. ಬಿಳಿಯ ಗಡ್ಡೆ ಅಂಚಿನಿಂದ ಹಳದಿಯಾಗುತ್ತ, ತೆಳುವಾಗುತ್ತ, ಕಡೆಗೆ ಒಂದು ಚೂರು ಮಂಜು ನಡುವೆ ತೇಲಿ ಮಾಯವಾಗುತ್ತಿತ್ತು. ಆಗ ಶೀಶೆ ಅವಳ ಕೈಯಷ್ಟೇ ಬೆಚ್ಚಗೆ. ಯಾರ ಬಿಸಿ ಯಾರಿಗೆ ಬಂತು ಎಂದು ಹೇಳಲಾಗುತ್ತಿರಲಿಲ್ಲ. ಪೆಟ್ಟಿಗೆಯ ಮೋಟಾರು ಆ ಹೊತ್ತಿಗೆ ಸರಿಯಾಗಿ ನಿಲ್ಲುವಾಗ, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು ಬರುತ್ತಿತ್ತು. ಮೊದಮೊದಲು ಅವಳು ಬೆಚ್ಚುತ್ತಿದ್ದಳು. ಆಮೇಲೆ ಕಾಯತೊಡಗಿದಳು.

"ಅಣ್ಣ ಹೇಗಿದಾನೆ ಇವತ್ತು?" ಎಂದು ಬಾಗಿಲಲ್ಲಿ ಇಣುಕುತ್ತಿದ್ದವನು ಸೂಜಿರಾಯ. ವಾರ್ಡುಗಳಲ್ಲಿ ಸುತ್ತಿ ರಕ್ತ ಎಳೆದು ತರುವ ಅವನಿಗೆ ರೋಗಿಗಳೇ ಇಟ್ಟ ಹೆಸರು ಅದು.

"ಸಕ್ಕರೆ ಎಂಬತ್ತೊಂಬತ್ತು."

"ನನ್ನದು ನೂರ ಅರವತ್ತು. ನೋಡು ಅನ್ಯಾಯನ. ಹೋದವನು ಆರೋಗ್ಯವಾಗಿದಾನೆ, ಇರೋನು ಮಾತ್ರೆ ನುಂಗ್ತಿದೀನಿ."

ಕಣ್ಣು ತುಂಬುವಷ್ಟರಲ್ಲಿ ನಗಿಸಿಬಿಡುವುದು ಸೂಜಿರಾಯನ ಕೈಗುಣ. ಸೂಜಿಯ ವಿಷಯದಲ್ಲೂ ಹಾಗೆಯೇ, ಚುಚ್ಚಿದ್ದು ತಿಳಿಯುವ ಹೊತ್ತಿಗೆ ಹತ್ತಿ ಒತ್ತಿರುತ್ತಿದ್ದ.

ಸಂಜೆ ಮನೆಗೆ ಹೋದರೆ ಅಮ್ಮ ಚಪ್ಪಲಿ ಬಿಡುವುದಕ್ಕೂ ಬಿಡುತ್ತಿರಲಿಲ್ಲ. "ಎಷ್ಟಿತ್ತೇ?"

"ಎಂಬತ್ತೇಳಮ್ಮ."

"ನಿನ್ನೆ ಎಂಬತ್ತೊಂಬತ್ತು ಇತ್ತಲ್ಲ."

"ಒಂದೆರಡು ಆ ಕಡೆ ಈ ಕಡೆ ಇರತ್ತಮ್ಮ."

"ಹೂಂ. ಅವನು ಒಂದು ಕಡೆ ನಿಂತೋನೇ ಅಲ್ಲ." ಅಷ್ಟು ಕೇಳಿದ ಮೇಲೆಯೇ ಅಮ್ಮ ಒಲೆಯ ಕಡೆ ತಿರುಗುತ್ತಿದ್ದುದು. ಮಗನ ಫೋಟೋಕ್ಕೆ ಅವಳು ಚೌಕಟ್ಟು ಹಾಕಿಸಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, ಹಾಕಿಸೋಣ, ಅವಸರವೇನು, ಎನ್ನುತ್ತಿದ್ದಳು.

ಶೀಶೆಯೊಳಗೆ ಇರುವುದೇನೆಂದು ಅಮ್ಮನಿಗೆ ಗೊತ್ತಿರಲಿಲ್ಲ. ತಂಗಿಗೆ ಗೊತ್ತಿತ್ತು, ಅದೇ ಕಷ್ಟವಾಗಿತ್ತು. ನರ್ಸಿಂಗ್ ಕಲಿಯುವ ಹುಡುಗಿಯರು ವರ್ಷಕ್ಕೊಮ್ಮೆ ಬಂದಾಗ ಅಣ್ಣ ಇದೇ ಮೇಜಿನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತು ಹೇಳುತ್ತಿದ್ದ:

"ಮೈಯೊಳಗೆ ಸಾವಿರ ಥರದ ಸಾಮಾನಿದೆ, ಆದ್ರೆ ಮನೆತನ ನಾಲ್ಕೇ. ಸಕ್ಕರೆ ಅಂದ್ರೆ ಸೌದೆ. ಉರಿಯೋದೇ ಅದರ ಕೆಲಸ. ಗಿಡಮರ ಅದನ್ನೇ ಹೆಣೆದು ಕಾಂಡ ಮಾಡ್ಕೊಳ್ತವೆ, ನಾವು ಸುಟ್ಟು ಓಡಾಡ್ತೀವಿ. ಕೊಬ್ಬು ಅಂದ್ರೆ ಬೈಬೇಡಿ, ಅದು ಕಣಜಾನೂ ಹೌದು, ಗೋಡೆನೂ ಹೌದು. ಒಂದೊಂದು ಜೀವಕೋಶಕ್ಕೂ ಕೊಬ್ಬಿನದೇ ಗೋಡೆ. ಅದಿಲ್ದೆ ಇದ್ರೆ ನಾವೆಲ್ಲ ನೀರಿಗೆ ಬಿದ್ದ ಉಪ್ಪು. ಪ್ರೋಟೀನು ಅಂದ್ರೆ ಆಳು. ಹೊರೋನು, ಕಟ್ಟೋನು, ಬಾಗಿಲು ಕಾಯೋನು, ಕಳ್ಳನ್ನ ಹಿಡಿಯೋನು, ಎಲ್ಲ ಅವನೇ. ಆ ಆಳುಗಳಲ್ಲೇ ಚುರುಕು ಕೈಯವರಿದಾರಲ್ಲ, ಅವರು ಕಿಣ್ವಗಳು. ಅವರ ಕೈ ನಿಂತ್ರೆ ಸೌದೆ ಇದ್ದೂ ಉರಿಯಲ್ಲ."

"ನಾಲ್ಕನೇದು ಸರ್?"

"ಡಿಎನ್ಎ. ಅದು ಪದ್ಯ."

"ಪದ್ಯ ಏನ್ ಕೆಲಸ ಮಾಡತ್ತೆ?"

"ಏನೂ ಮಾಡಲ್ಲ. ಸುಮ್ನಿರತ್ತೆ. ಆಳುಗಳನ್ನ ಹೇಗೆ ಕಟ್ಟಬೇಕು ಅನ್ನೋದು ಅದರಲ್ಲಿ ಬರೆದಿರತ್ತೆ. ನಮ್ಮಮ್ಮ ಒಂದು ಪದ್ಯ ಹೇಳ್ತಾಳೆ, ಮೂರನೇ ಸಾಲಲ್ಲಿ ಒಂದು ಮಾತು ಬಿಟ್ಟುಹೋಗಿದೆ. ನಮ್ಮಜ್ಜಿನೂ ಅದನ್ನ ಬಿಟ್ಟೇ ಹೇಳ್ತಿದ್ಲಂತೆ. ನಾನು ಬಿಟ್ಟೇ ಹೇಳ್ತೀನಿ. ಅಲ್ಲಿ ಮೂಗು ಕೆಂಪಗೆ ಮಾಡ್ಕೊಂಡು ನಿಂತಿದಾಳಲ್ಲ, ಅವಳೂ ಬಿಟ್ಟೇ ಹೇಳ್ತಾಳೆ. ಬಾಯಿಂದ ಬಾಯಿಗೆ ಹಾಗೇ ಬರತ್ತೆ ಅದು, ತಪ್ಪಿನ ಸಮೇತ."

ಹುಡುಗಿಯರು ತಿರುಗಿ ನೋಡಿದಾಗ ತಂಗಿಗೆ ನೆಲ ಬಾಯಿಬಿಟ್ಟರೆ ಸಾಕಿತ್ತು. ಈಗ ಶೀಶೆಯನ್ನು ಬೆಳಕಿಗೆ ಹಿಡಿದಾಗ ಆ ಮಾತು ಕಿವಿಯಲ್ಲಿ ಕೂರುತ್ತಿತ್ತು. ಆ ಹಳದಿ ತಿಳಿಯಲ್ಲಿ ಅವನು ಸುಡದೆ ಉಳಿಸಿದ ಸೌದೆಯಿತ್ತು. ಅವನ ಕೊಬ್ಬು ಇತ್ತು, ಅವನ ಆಳುಗಳಿದ್ದರು. ಹುಡುಕಿದರೆ ಹರಿದ ಹಾಳೆಯ ಚೂರುಗಳಂತೆ ಪದ್ಯದ ತುಣುಕುಗಳೂ ಸಿಗುತ್ತಿದ್ದವು. ಮನುಷ್ಯನೊಬ್ಬನನ್ನು ಬಿಟ್ಟರೆ ಉಳಿದದ್ದೆಲ್ಲ ಇತ್ತು.

ಹತ್ತು ಶೀಶೆ ಉಳಿದಾಗ ತನಗೆ ಹೇಳಬೇಕೆಂದು ಡಾಕ್ಟರಮ್ಮ ಹೇಳಿಟ್ಟಿದ್ದರು. ಬೇರೊಬ್ಬರ ರಕ್ತ ತೆಗೆದು, ಹಳೆಯದರ ಪಕ್ಕದಲ್ಲಿಟ್ಟು ಹೊಸದನ್ನು ಅಳೆದು, ಗೊತ್ತುಮಾಡಿಕೊಳ್ಳಬೇಕಿತ್ತು. ಹತ್ತು ಉಳಿದಾಗ ತಂಗಿ ಹೇಳಲಿಲ್ಲ. ಎಂಟು ಉಳಿದಾಗಲೂ ಹೇಳಲಿಲ್ಲ. ಐದು ಉಳಿದಾಗ ಅವಳು ಆ ಕೆಲಸದವರಲ್ಲಿ ಯಾರೂ ಮಾಡಬಾರದ್ದನ್ನು ಮಾಡಿದಳು. ಬೆಳಗಿನ ಅಳತೆ ಮುಗಿದ ಮೇಲೆ ಶೀಶೆಯ ತಳದಲ್ಲಿ ಮಿಕ್ಕದ್ದನ್ನು ಚೆಲ್ಲದೆ ಮತ್ತೆ ಮಂಜಿಗಿಟ್ಟಳು. ಮಾರನೆಯ ದಿನ ಅದನ್ನೇ ಕರಗಿಸಿದಳು. ಹೀಗೆ ಒಂದು ಶೀಶೆಯನ್ನು ಮೂರು ದಿನಕ್ಕೆ ಎಳೆದಳು.

ಸಕ್ಕರೆಗೆ ಇದರಿಂದ ಏನೂ ಆಗುವುದಿಲ್ಲ. ಕೊಬ್ಬೂ ಹೆಚ್ಚೇನು ಕದಲುವುದಿಲ್ಲ. ಆದರೆ ಕಿಣ್ವಗಳು ಸೂಕ್ಷ್ಮ. ಹೆಪ್ಪುಗಟ್ಟಿಸಿ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿದರೆ ಅವುಗಳ ಮಡಿಕೆ ಬಿಚ್ಚಿಹೋಗುತ್ತದೆ, ಕೈ ನಿಲ್ಲುತ್ತದೆ. ಮೊದಲ ಮೂರು ಶೀಶೆಗಳಲ್ಲಿ ಇಪ್ಪತ್ತನಾಲ್ಕು ಇದ್ದದ್ದು ಮೂರನೆಯ ದಿನಕ್ಕೆ ಇಪ್ಪತ್ತೊಂದಾಗುತ್ತಿತ್ತು, ಅಷ್ಟೇ. ನಾಲ್ಕನೆಯ ಶೀಶೆಯಲ್ಲಿ ಮೊದಲ ದಿನ ಇಪ್ಪತ್ತೆರಡು ಬಂತು. ಎರಡನೆಯ ದಿನ ಹದಿನೇಳು, ಮೂರನೆಯ ದಿನ ಹದಿಮೂರು.

ಅಂಕಿ ಮುದ್ರಿಸಿದ ಚೀಟಿ ಹಿಡಿದು ಅವಳು ಬಹಳ ಹೊತ್ತು ನಿಂತಿದ್ದಳು. ರಸ್ತೆಯಂಚಿನಲ್ಲಿ ಅವನು ಸಾಯುವಾಗ ಅವಳು ಹತ್ತಿರ ಇರಲಿಲ್ಲ. ಈಗ ಇದ್ದಾಳೆ, ಇವಳ ಕೈಯಲ್ಲೇ ಅವನು ಇಪ್ಪತ್ತೆರಡರಿಂದ ಹದಿಮೂರಕ್ಕೆ ಇಳಿಯುತ್ತಿದ್ದಾನೆ. ಆಸೆಪಟ್ಟು ಎಳೆದೆಳೆದು ತಾನೇ ಅವನನ್ನು ಎರಡನೆಯ ಸಲ ಕೊಂದೆ ಎಂದುಕೊಂಡಳು.

ಆ ಚೀಟಿಯನ್ನು ಹರಿದಳು. ದಿನದಿನದ ಅಂಕಿಗೆ ಚುಕ್ಕೆಯಿಡುವ ಚಾರ್ಟಿನಲ್ಲಿ ಆ ಮೂರು ದಿನಕ್ಕೂ ಇಪ್ಪತ್ತನಾಲ್ಕು ಎಂದು ಬರೆದಳು. ಉಳಿದ ಒಂದೇ ಒಂದು, ಇನ್ನೂ ಒಮ್ಮೆಯೂ ಕರಗದ ಶೀಶೆಯನ್ನು ಪೆಟ್ಟಿಗೆಯ ಹಿಂಬದಿಯಲ್ಲಿ, ಹಳೆಯ ಮಂಜಿನ ಗೋಡೆಗೆ ಒರಗಿಸಿಟ್ಟಳು. ಮರುದಿನದಿಂದ ಕಂಟ್ರೋಲ್ ಹಾಕುವುದನ್ನೇ ಬಿಟ್ಟಳು. ಎಂಟು ಗಂಟೆಗೆ ಚಾರ್ಟು ಬಿಡಿಸಿ, ಬಾಯಿಪಾಠ ಒಪ್ಪಿಸಿದ ಹಾಗೆ, ಎಂಬತ್ತೆಂಟು, ನೂರ ಎಪ್ಪತ್ತೊಂದು, ಏಳು ಪಾಯಿಂಟ್ ಎರಡು, ಇಪ್ಪತ್ತನಾಲ್ಕು ಎಂದು ಚುಕ್ಕೆಯಿಡುವಳು.

ಚಾರ್ಟಿನಲ್ಲಿ ಹಿಂದಿನ ಒಂದು ವರ್ಷದ ಚುಕ್ಕೆಗಳು ನಡುಗೆರೆಯ ಮೇಲೂ ಕೆಳಗೂ ಓಡಾಡಿಕೊಂಡಿದ್ದವು, ಅಂಗಳದಲ್ಲಿ ಯಾರೋ ನಡೆದ ಹೆಜ್ಜೆಗಳ ಹಾಗೆ. ಈಚಿನವು ಗೆರೆಯ ಮೇಲೆ ಒಂದರ ಹಿಂದೆ ಒಂದು ನೆಟ್ಟಗೆ ಮಲಗಿದ್ದವು. ಎಂಟನೆಯ ದಿನ ಸೂಜಿರಾಯ ಟೀ ಲೋಟ ಹಿಡಿದು ಅದರ ಮುಂದೆ ನಿಂತ.

"ಏನ್ ತಂಗಿ, ಅಣ್ಣ ಬಹಳ ಸಾಧು ಆಗ್ಬಿಟ್ನಲ್ಲ."

"ಯಾಕೆ?"

"ಬದುಕಿದ್ದಾಗ ಒಂದು ದಿನ ಸಾಲಲ್ಲಿ ನಿಂತೋನಲ್ಲ. ಈಗ ನೋಡು, ಶಾಲೆ ಮಕ್ಕಳ ಹಾಗೆ." ಅವನು ನಗುತ್ತಲೇ ಹೇಳಿದ. ಅವಳು ನಗಲಿಲ್ಲವೆಂದು ಕಂಡ ಮೇಲೆ ಟೀ ಪೂರ್ತಿ ಕುಡಿಯದೆ ಹೊರಟುಹೋದ.

ಮಂಜಿನ ಪೆಟ್ಟಿಗೆ ಮಾತ್ರ ಎಂದಿನಂತೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಮಾತಿಗೆ ಬಾಯಿ ತೆರೆದವನ ಬಾಯಿಗೆ ಕೈ ಅಡ್ಡ ಹಿಡಿದಂತೆ ತಂಗಿಗೆ ಅನ್ನಿಸುತ್ತಿತ್ತು. ಆ ಕೋಣೆಯ ಬಾಗಿಲನ್ನು ಎಳೆದುಕೊಂಡು ಕೆಲಸ ಮಾಡತೊಡಗಿದಳು.

ಹತ್ತನೆಯ ದಿನದ ಸಂಜೆ ಅಮ್ಮ ಬಾಗಿಲಿಗೆ ಬರಲಿಲ್ಲ. ಒಳಗೆ ಬಟ್ಟೆ ಮಡಿಸುತ್ತ ಕುಳಿತಿದ್ದಳು. ತಂಗಿಯೇ ಹೇಳಿದಳು, "ಎಂಬತ್ತೆಂಟಮ್ಮ."

"ನಿನ್ನೆ?"

"ಎಂಬತ್ತೆಂಟು."

"ಮೊನ್ನೆ?"

ತಂಗಿ ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿದಳು. ಅಮ್ಮ ಅಣ್ಣನ ಹಳೆಯ ಅಂಗಿಯೊಂದರ ತೋಳನ್ನು ಬೆನ್ನಿಗೆ ಮಡಚಿ, ಅಂಗೈಯಿಂದ ನೀವಿದಳು. "ಮುಗಿದಿದ್ರೆ ಮುಗೀತು ಅನ್ನು. ನಾನೇನು ಮಗು ಅಲ್ಲ. ಸುಳ್ಳಿಗೆ ಮಾತ್ರ ಅವನ ಹೆಸರು ಇಡ್ಬೇಡ."

"ಮುಗಿದಿಲ್ಲಮ್ಮ. ಒಂದಿದೆ."

"ಒಂದಿದ್ರೆ ಯಾಕೆ ಮುಟ್ಟದೆ ಇಟ್ಟಿದೀಯ?"

"ಅದೂ ಹೋದ್ರೆ..."

ಅಮ್ಮ ಆ ಅಂಗಿಯನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು.

ಮರುದಿನ ಬೆಳಿಗ್ಗೆ, ರೋಗಿಗಳ ಚೀಟಿ ಕೊಡುವ ಕಿಟಕಿಗೆ ಒಬ್ಬ ಹೆಂಗಸು ಬಂದಳು. ತೋಳಿನ ಮೇಲೆ ಸುಣ್ಣಬಣ್ಣದ ಹಳೆಯ ಕಲೆಗಳಿದ್ದವು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು, ಇವಳು ಜೊತೆಗಾರ್ತಿ. ಹಲ್ಲುನೋವೆಂದು ನಾಲ್ಕು ದಿನ ನೋವಿನ ಮಾತ್ರೆಗಳನ್ನು ಹುರಿಗಡಲೆಯ ಹಾಗೆ ನುಂಗಿ, ವಾಂತಿ ಹಿಡಿದು, ಮೊನ್ನೆ ವಾರ್ಡಿಗೆ ಸೇರಿದ್ದ. ಆ ಮಾತ್ರೆ ಮಿತಿಮೀರಿದರೆ ಲಿವರು ಕೆಡುತ್ತದೆ. ಲಿವರಿನ ಕೋಶ ಒಡೆದರೆ ಒಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ. ಅದಕ್ಕೇ ಅಳೆದು ನೋಡುವುದು. ಮೊದಲ ದಿನ ನೂರ ನಾಲ್ಕು ಬಂದಿತ್ತು, ಈ ದಿನ ತೊಂಬತ್ತೆರಡು. ಇಳಿಯುತ್ತಿದೆ, ಗಾಬರಿಯಿಲ್ಲ, ಮಧ್ಯಾಹ್ನ ಮನೆಗೆ ಹೋಗಬಹುದು ಎಂದು ವಾರ್ಡಿನವರು ಹೇಳಿದ್ದರು.

"ಒಳ್ಳೇದೇ ಆಯ್ತಲ್ಲ" ಎಂದಳು ತಂಗಿ.

"ಏನ್ ಒಳ್ಳೇದೋ ತಾಯಿ." ಹೆಂಗಸು ಚೀಟಿಯನ್ನು ಕಿಟಕಿಯ ಹಲಗೆಯ ಮೇಲೆ ಹರಡಿ, ಓದಲು ಬಾರದ ಅಂಕಿಯ ಮೇಲೆ ಬೆರಳಿಟ್ಟಳು. "ಬೆಳಿಗ್ಗೆ ಎದುರಿಗಿನ ಗೋಡೆ ತೋರಿಸಿ, ಇದ್ಯಾವ ಬಣ್ಣ ಹೇಳಿ ಅಂದೆ, ತಮಾಷೆಗೆ. ಇಪ್ಪತ್ತೈದು ವರ್ಷ ಬಳಿದ ಮನುಷ್ಯ. 'ಅದು... ಅದು... ನೀರು' ಅಂತಾರೆ. ಆಮೇಲೆ ನನ್ನನ್ನ ಅತ್ತಿಗೆ ಅಂತ ಕರೆದ್ರು. ಕಣ್ಣು ಹಳದಿ ಕಾಣ್ಸುತ್ತೆ ನಂಗೆ. ಕಾಗದ ಸರಿ ಇದೆ ಅಂತಾರೆ, ಮನುಷ್ಯ ಸರಿ ಇಲ್ಲ. ನಾನು ಯಾವುದನ್ನ ಮನೆಗೆ ಕರ್ಕೊಂಡು ಹೋಗ್ಲಿ?"

ತಂಗಿ ಚೀಟಿಯ ಅಂಕಿಯನ್ನು ಮತ್ತೊಮ್ಮೆ ಓದಿದಳು. ಮೊನ್ನೆಯಿಂದ ಈ ಮನುಷ್ಯನದಷ್ಟೇ ಅಲ್ಲ, ಎಲ್ಲರ ಕಿಣ್ವಗಳೂ ಯಾಕೋ ಮಂದವೆಂದು ಕಂಡಿದ್ದುಂಟು. ಊರೇ ಆರೋಗ್ಯವಾಯಿತೇ ಎಂದು ಸೂಜಿರಾಯ ಹಾಸ್ಯ ಮಾಡಿದ್ದ. ಯಂತ್ರ ಸುಳ್ಳು ಹೇಳುತ್ತಿದ್ದರೆ ಹೇಳುವವರು ಯಾರು? ಹೇಳುವವನನ್ನು ಅವಳು ಮಂಜಿನ ಗೋಡೆಗೆ ಒರಗಿಸಿಟ್ಟಿದ್ದಳು.

"ಇಲ್ಲೇ ಕೂತಿರಿ. ಎಲ್ಲೂ ಹೋಗ್ಬೇಡಿ" ಎಂದು ಒಳಗೆ ಹೋದಳು.

ಸೂಜಿರಾಯ ಕೊಳವೆಗಳನ್ನು ಜೋಡಿಸುತ್ತಿದ್ದ. ಅವನ ಮುಂದೆ ತೋಳು ಚಾಚಿ, "ನನ್ನ ರಕ್ತ ತೆಗೆದು ಹಾಕಿ ನೋಡಿದ್ರೆ?" ಎಂದಳು.

"ಯಾಕೆ, ನೀನೇನು ತಿಂದೆ?"

"ಯಂತ್ರದ ಮೇಲೆ ಅನುಮಾನ."

"ನಿನ್ನದು ಎಷ್ಟಿರಬೇಕು ಅಂತ ಗೊತ್ತಾ?"

"ಇಲ್ಲ."

"ಮತ್ತೆ? ಗೊತ್ತಿಲ್ಲದ್ದನ್ನ ಗೊತ್ತಿಲ್ಲದ್ದರಲ್ಲಿ ಅಳೆದ್ರೆ ಕುರುಡ ಕುರುಡನಿಗೆ ದಾರಿ ತೋರಿದ ಹಾಗೆ." ಅವನು ಅವಳ ಮುಖವನ್ನೇ ನೋಡಿ, ಕೈಲಿದ್ದ ಕೊಳವೆಯನ್ನು ಕೆಳಗಿಟ್ಟ. "ಬೆಳಿಗ್ಗೆ ಅಣ್ಣನ್ನ ಹಾಕಿದ್ಯಲ್ಲ. ಸರಿ ಇತ್ತಲ್ಲ?"

ಅವಳು ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆ ತೆರೆದಳು. ಬಿಳಿಯ ಉಸಿರು ಮುಖಕ್ಕೆ ಬಡಿಯಿತು. ಮೂರು ಸಲ ಕರಗಿಸಿದ ಹಿಂದಿನ ಶೀಶೆಯ ಮಾತು ನಂಬುವಂತಿರಲಿಲ್ಲ. ಇಳಿದದ್ದು ಅದೋ ಯಂತ್ರವೋ ಹೇಳುವವರಿಲ್ಲ. ಒಮ್ಮೆಯೂ ಕರಗದ ಇದೊಂದೇ ನಿಜ ಹೇಳಬಲ್ಲದು. ಅದು ಮಂಜಿಗೆ ಕಚ್ಚಿಕೊಂಡಿತ್ತು. ಎಳೆದಳು, ಬರಲಿಲ್ಲ. ಬೆರಳ ತುದಿಯನ್ನು ಸುತ್ತಲೂ ಒತ್ತಿ ಹಿಡಿದು, ಚರ್ಮ ಉರಿಯುವವರೆಗೆ ಕಾದಳು. ಬಿಟ್ಟುಕೊಟ್ಟಿತು.

ಅಂಗೈಗಳ ನಡುವೆ ಹೊರಳಿಸುತ್ತ ನಿಂತಳು. ಅವಸರ ಮಾಡುವಂತಿಲ್ಲ, ಬಿಸಿ ನೀರಿಗೆ ಹಾಕಿದರೆ ಆಳುಗಳು ಸಾಯುತ್ತಾರೆ. ಹೊರಗೆ ಬೆಂಚಿನ ಮೇಲೆ ಬಣ್ಣದವನ ಹೆಂಡತಿ ಕೆಮ್ಮಿದ್ದು ಕೇಳಿಸಿತು. ಎಷ್ಟು ದಿನ ಬೇಕಾದರೂ ಹೀಗೆ ಹಿಡಿದು ನಿಲ್ಲಬಲ್ಲೆ ಎಂದು ಅವಳಿಗೆ ಅನ್ನಿಸಿತು, ಅದೇ ಹೊತ್ತಿಗೆ ಕೈಬಿಸಿಗೆ ಶೀಶೆ ಕರಗುತ್ತಲೇ ಇತ್ತು. ಹಿಡಿದುಕೊಂಡದ್ದಕ್ಕೇ ಕರಗುತ್ತಿತ್ತು. ಮೋಟಾರು ನಿಂತಿತು. ಈ ಸಲ ಅವಳು ಬಾಗಿಲು ಎಳೆದುಕೊಳ್ಳಲಿಲ್ಲ. "ಹೇಳು" ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಅರ್ಧ ತಿಳಿಯನ್ನು ಬಟ್ಟಲಿಗೆ ಸುರಿದು ಯಂತ್ರಕ್ಕಿಟ್ಟಳು. ಹನ್ನೆರಡು ನಿಮಿಷ. ಚೀಟಿ ಒಂದೊಂದೇ ಸಾಲಾಗಿ ಹೊರಗೆ ಬಂತು. ಸಕ್ಕರೆ ಎಂಬತ್ತೇಳು. ಕೊಲೆಸ್ಟರಾಲ್ ನೂರ ಎಪ್ಪತ್ತು. ಒಟ್ಟು ಪ್ರೋಟೀನು ಏಳು ಪಾಯಿಂಟ್ ಎರಡು. ಲಿವರಿನ ಕಿಣ್ವ ಆರು.

ಆರು.

ಸೌದೆ ಇದ್ದಷ್ಟೇ ಇದೆ, ಕೊಬ್ಬೂ ಹಾಗೇ ಇದೆ. ಆಳುಗಳ ತಲೆಯೆಣಿಕೆ ಸರಿಯಾಗಿದೆ. ಅವರ ಕೆಲಸ ಮಾತ್ರ ಕಾಣುತ್ತಿಲ್ಲ. ಒಮ್ಮೆಯೂ ಕರಗದ ಶೀಶೆಯಲ್ಲಿ ಅವರ ಕೈ ಹೇಗೆ ನಿಂತೀತು? ನಿಂತಿಲ್ಲ. ನೋಡುವ ಕಣ್ಣು ಮಂಜಾಗಿದೆ. ಯಂತ್ರದಲ್ಲಿ ಸಕ್ಕರೆಯನ್ನೂ ಕೊಬ್ಬನ್ನೂ ನೋಡುವುದು ನಮಗೆ ಕಾಣುವ ಬೆಳಕಿನಲ್ಲಿ. ಲಿವರಿನ ಈ ಕಿಣ್ವದ ಓಟವನ್ನು ಹಿಡಿಯುವುದು ಕಣ್ಣಿಗೆ ಕಾಣದ ನೇರಳೆಯಾಚೆಯ ಬೆಳಕಿನಲ್ಲಿ. ಬಲ್ಬು ಮುದಿಯಾದರೆ ಮೊದಲು ಸಾಯುವುದು ಆ ಬೆಳಕೇ.

"ಬಲ್ಬು" ಎಂದಳು. ಸೂಜಿರಾಯ ಆಗಲೇ ಸ್ಕ್ರೂ ಬಿಚ್ಚುತ್ತಿದ್ದ. ಹೊರತೆಗೆದ ಬಲ್ಬಿನ ಗಾಜು ಒಲೆಯ ಮೇಲಿನ ಗೋಡೆಯ ಹಾಗೆ ಕಪ್ಪಿಟ್ಟಿತ್ತು.

ಆಗ ಅವಳಿಗೆ ಎಲ್ಲ ತಿಳಿಯಿತು. ನಾಲ್ಕನೆಯ ಶೀಶೆಯಲ್ಲಿ ಅಣ್ಣ ಸಾಯುತ್ತಿರಲಿಲ್ಲ. ಇಪ್ಪತ್ತೆರಡು, ಹದಿನೇಳು, ಹದಿಮೂರು ಎಂದು ಅವನು ಹೇಳುತ್ತಿದ್ದ, ತನ್ನ ಕೆಲಸ ಮಾಡುತ್ತಿದ್ದ: ಬಲ್ಬು ಹೋಗುತ್ತಿದೆ, ನೋಡು. ಅವಳು ಅದನ್ನು ಅವನ ಸಾವು ಎಂದು ತಿಳಿದು ಚೀಟಿ ಹರಿದಳು. ಬಣ್ಣದವನ ರೋಗ ಏರುತ್ತಿದ್ದುದಕ್ಕಿಂತ ಬೇಗ ಬಲ್ಬು ಇಳಿಯುತ್ತಿತ್ತು. ಅದಕ್ಕೇ ಕಾಗದದ ಮೇಲೆ ಅವನು ಗುಣವಾಗುತ್ತಿದ್ದ.

ಹೊಸ ಬಲ್ಬು ಹಾಕಿ, ಅದು ಬಿಸಿಯಾಗುವವರೆಗೆ ಇಪ್ಪತ್ತೈದು ನಿಮಿಷ ನಿಂತರು. ಶೀಶೆಯಲ್ಲಿ ಉಳಿದದ್ದು ಇನ್ನೊಂದೇ ಅಳತೆಗೆ. ಅವಳು ಶೀಶೆಯನ್ನು ತಲೆಕೆಳಗಾಗಿ ಹಿಡಿದು, ಕಡೆಯ ಹನಿ ಬೀಳುವವರೆಗೆ ಕಾದಳು. ಇಪ್ಪತ್ತನಾಲ್ಕು ಬಂತು. ತಕ್ಕಡಿ ಸರಿಯಾಯಿತು. ಬಣ್ಣದವನ ಬೆಳಗಿನ ರಕ್ತವನ್ನು ಮತ್ತೆ ಹಾಕಿದಳು: ಮುನ್ನೂರ ಎಪ್ಪತ್ತು. ಮೊದಲ ದಿನದ್ದು ಇನ್ನೂ ಇತ್ತು: ಇನ್ನೂರ ಎಂಟು.

ಡಾಕ್ಟರಮ್ಮ ಚೀಟಿ ನೋಡಿ ಎರಡನೆಯ ಮಾತಾಡದೆ ವಾರ್ಡಿಗೆ ಫೋನು ಮಾಡಿದರು. ಮನೆಗೆ ಕಳಿಸುವುದು ನಿಂತಿತು. ಆ ಮಾತ್ರೆಯ ವಿಷಕ್ಕೆ ಮದ್ದಿದೆ, ಹೊತ್ತು ಮೀರಿದ್ದರೂ ಕೊಡಬಹುದು, ಹನಿಹನಿಯಾಗಿ ಈಗಲೇ ಶುರುಮಾಡಿ ಎಂದರು. ಬೆಂಚಿನಿಂದ ಎದ್ದ ಬಣ್ಣದವನ ಹೆಂಡತಿ ಏನೂ ಕೇಳದೆ ವಾರ್ಡಿನತ್ತ ಓಡಿದಳು. ಅವಳ ಚೀಟಿ ಕಿಟಕಿಯ ಹಲಗೆಯ ಮೇಲೆಯೇ ಉಳಿಯಿತು.

ಆಮೇಲೆ ಡಾಕ್ಟರಮ್ಮ ಚಾರ್ಟಿನ ಮುಂದೆ ನಿಂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಈ ಚುಕ್ಕೆಗಳು ಎಲ್ಲಿಂದ ಬಂದವು?"

"ನನ್ನ ತಲೆಯಿಂದ ಮೇಡಂ."

"ಎಷ್ಟು ದಿನ?"

"ಹಾಕದೆ ಬರೆದದ್ದು ಹನ್ನೊಂದು. ಅದಕ್ಕೆ ಮೊದಲು ಮೂರು ದಿನದ್ದು ತಿದ್ದಿದೆ."

ಸೂಜಿರಾಯ ಏನೋ ಹೇಳಲು ಬಾಯಿ ತೆರೆದ. ಡಾಕ್ಟರಮ್ಮ ಕೈಯೆತ್ತಿದರು. ಬೈಯುತ್ತಾರೆಂದು ತಂಗಿ ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಖಾಲಿ ಶೀಶೆಯನ್ನು ಎತ್ತಿ, ಅದರ ಮೇಲಿನ ವಾಲಿದ ಅಕ್ಷರ ಓದಿ, ಕೆಳಗಿಟ್ಟರು.

"ಹತ್ತು ಉಳಿದಾಗ ಹೇಳು ಅಂದಿದ್ದೆ."

"ಹೌದು ಮೇಡಂ."

"ಹೇಳಿದ್ರೆ ಒಂದೆರಡನ್ನ ನಿನಗೇ ಕೊಡ್ತಿದ್ದೆ. ಇಟ್ಕೊ ಅಂತ."

ಆ ಮಾತು ಅವಳಿಗೆ ತಾಗಿದಷ್ಟು ಬೇರೆ ಯಾವುದೂ ತಾಗಲಿಲ್ಲ. ಶೀಶೆಯನ್ನು ನೋಡಲಾರದೆ ನೆಲ ನೋಡಿದಳು.

"ಈ ಹದಿನಾಲ್ಕು ದಿನದಲ್ಲಿ ಲಿವರ್ ಟೆಸ್ಟು ಮಾಡಿಸ್ಕೊಂಡೋರು ಎಷ್ಟು ಜನ?"

ರಿಜಿಸ್ಟರು ತಿರುವಿ ನೋಡಿದಳು. "ಮೂವತ್ತೊಂದು. ಬಣ್ಣದವರನ್ನ ಬಿಟ್ಟು."

"ಫೋನ್ ಮಾಡು. ನೀನೇ. ತಪ್ಪಾಗಿದೆ, ಮತ್ತೆ ರಕ್ತ ಕೊಡಬೇಕು ಅಂತ ಹೇಳು. ಯಂತ್ರ ಕೆಟ್ಟಿತ್ತು ಅಂತ ಅಷ್ಟೇ ಹೇಳಿ ಮುಗಿಸ್ಬೇಡ. ನಿನ್ನ ಕೆಲಸದ ಮಾತು ನಾಳೆ."

ಕಿಟಕಿಯ ಪಕ್ಕದ ಫೋನಿನ ಮುಂದೆ ತಂಗಿ ಸ್ಟೂಲು ಎಳೆದು ಕುಳಿತಳು. ಮೊದಲನೆಯವನು ಗಡಿಯಾರ ರಿಪೇರಿಯವನು; "ಸರಿ, ಅಂಗಡಿ ಮುಚ್ಚಿ ಬರ್ತೀನಿ" ಎಂದ. ಎರಡನೆಯವಳು ಬೈದಳು. ಮೂರನೆಯವಳು ಬೈಯುತ್ತ ಬೈಯುತ್ತ ಅತ್ತಳು. ನಾನು ಚೆನ್ನಾಗಿದೀನಿ ಅಂದ್ಕೊಂಡಿದ್ದೆ ಎಂದಳು. ನಾಲ್ಕನೆಯ ಮನೆಯಲ್ಲಿ ಎತ್ತಿದ ಮಗುವೊಂದು ಯಾರು ಯಾರು ಎಂದು ಕೇಳಿ ಕೇಳಿ ಕೊನೆಗೆ ತಾಯಿಗೆ ಕೊಟ್ಟಿತು. ಐದನೆಯವನು ಅವಳ ಮಾತನ್ನು ಪೂರ್ತಿ ಕೇಳಿ, "ಹೇಳಿದ್ದು ಒಳ್ಳೇದಾಯ್ತು" ಎಂದಷ್ಟೇ ಹೇಳಿ ಇಟ್ಟ. ಪ್ರತಿಯೊಂದು ಹೆಸರಿನ ಮುಂದೆಯೂ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು.

ಆರನೆಯ ನಂಬರು ಎಂಟು ದಿನದ ಹಿಂದೆ ಬಂದುಹೋದ ಒಬ್ಬ ಮುದುಕರದು. ರಿಜಿಸ್ಟರಿನಲ್ಲಿ ಅವರ ಕಿಣ್ವ ಮೂವತ್ತೆಂಟು, ಪಕ್ಕದಲ್ಲಿ ಅವಳದೇ ಕೈಯಲ್ಲಿ 'ನಾರ್ಮಲ್'. ಫೋನು ಬಹಳ ಹೊತ್ತು ಬಡಿದುಕೊಂಡಿತು. ಎಲ್ಲೋ ಒಂದು ಕೋಣೆಯಲ್ಲಿ, ಗೋಡೆಗೋ ಕುರ್ಚಿಗೋ ಕೇಳಿಸುತ್ತ ಅದು ಬಡಿದುಕೊಳ್ಳುತ್ತಿರುವುದು ಅವಳಿಗೆ ಕಂಡಂತಾಯಿತು. ಯಾರೂ ಎತ್ತಲಿಲ್ಲ.

ಇಟ್ಟು, ಮತ್ತೆ ಮಾಡಿದಳು.